ಕನ್ನಡ ಬಿಎಗೆ ಸೀಟು ಉಂಟು, ಬನ್ನಿ

ಮಕ್ಕಳನ್ನು ಕಾಲೇಜಿಗೆ ಕರೆಯಲು ಹೋದವನಿಗೆ ಮಕ್ಕಳು ಸಿಗದಿದ್ದರೂ ಎಂತಾದರೂ ಒಂದು ಸಿಗುತ್ತದೆ. ನನಗೆ ಪ್ರತಿ ವರ್ಷ ಸಿಗುತ್ತಾ ಉಂಟು.

ನಾನು ಕಾಸರಗೋಡಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವವ. ಬೇರೆ ವಿಭಾಗದವರಿಗೆ ಮಕ್ಕಳು ಯೂನಿವರ್ಸಿಟಿಯ ಅಲಾಟ್‌ಮೆಂಟಿನಲ್ಲಿ ತಾವಾಗಿಯೇ ಬಂದು ಬೀಳುತ್ತಾರೆ. ನಮ್ಮದು ಹಾಗಲ್ಲ, ಹೋಗಿ ತರಬೇಕು. ಪ್ಲಸ್ ಟು, ಅಂದರೆ ನಿಮ್ಮ ಪಿಯುಸಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳಲ್ಲಿ ದುಡ್ಡಿದ್ದವರು ರೈಲು ಹತ್ತಿ ಮಂಗಳೂರಿಗೆ ಹೋಗುತ್ತಾರೆ. ಇಲ್ಲದವರು, ಕಾಲೇಜೆಂದರೆ ಎಲ್ಲ ಮಲಯಾಳವೇ ಎಂದು ಹೆದರಿ ಮನೆಯಲ್ಲೇ ಕೂರುತ್ತಾರೆ.

ಕಳೆದ ವರ್ಷ ನಮ್ಮ ಪ್ರಿನ್ಸಿಪಾಲರು ನನ್ನನ್ನೂ ನಮ್ಮ ವಿಭಾಗದ ಮುಖ್ಯಸ್ಥೆ ಟೀಚರನ್ನೂ ಕರೆದು ಕೂರಿಸಿದರು. ಅವರು ತೆಂಕಣ ಕೇರಳದವರು, ಒಳ್ಳೆಯ ಮನುಷ್ಯ. "ಈ ಸಲ ರೂಲ್ಸಿನಲ್ಲಿ ಹೇಳಿದಷ್ಟು ಮಕ್ಕಳಾದರೂ ಇಲ್ಲದಿದ್ದರೆ ಯೂನಿವರ್ಸಿಟಿ ಕನ್ನಡ ಬಿಎ ನಿಲ್ಲಿಸುತ್ತದೆ. ಒಮ್ಮೆ ನಿಂತದ್ದು ಮತ್ತೆ ಶುರುವಾದ ಚರಿತ್ರೆ ಇಲ್ಲ," ಅಂದರು ಮಲಯಾಳದಲ್ಲಿ. ನಿಂತರೆ ನಮ್ಮ ಊರುಗಳ ಬಡ ಮಕ್ಕಳಿಗೆ ಬೇರೆ ಜಾಗ ಇಲ್ಲ. ನಮ್ಮಿಬ್ಬರನ್ನು ಎಲ್ಲಿಗಾದರೂ ವರ್ಗ ಮಾಡಿಯಾರು. ಆದರೆ ತೆಂಕಣದ ಕೊಲ್ಲಂನಲ್ಲಿ ನಾನು ಯಾರಿಗೆ ಕನ್ನಡ ಕಲಿಸುವುದು?

ಹಾಗೆ ಟೀಚರ ಸ್ಕೂಟರಿನ ಹಿಂದೆ ಕೂತು ನಾನು ಹೊರಟೆ.

ಐದೂ ನಿಮಗೇ

ಅದು ಎಲೆಕ್ಷನ್ ಹತ್ತಿರ ಬಂದ ಸಮಯ. ಕುಂಬಳೆಯಿಂದ ಒಳಗೆ ಒಂದು ಮನೆಗೆ ಹೋದೆವು. ಯಜಮಾನರು ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಾ ಇದ್ದರು. ಟೀಚರ ಕೈಯಲ್ಲಿ ಒಂದು ಕಟ್ಟು ನೋಟಿಸು ಕಂಡದ್ದೇ ಕತ್ತಿ ಬದಿಗಿಟ್ಟರು.

"ಬನ್ನಿ, ಕೂತ್ಕೊಳ್ಳಿ. ನೀವು ಹೇಳುವುದೇ ಬೇಡ. ಈ ಸಲ ನಿಮಗೇ."

ಟೀಚರು ನನ್ನ ಮುಖ ನೋಡಿದರು. ಒಂದು ಮಾತೂ ಆಡುವ ಮೊದಲು ಒಪ್ಪಿದ ಮನೆ ನಮ್ಮ ಜೀವಮಾನದಲ್ಲಿ ಕಂಡದ್ದಿಲ್ಲ.

"ಮನೆಯಲ್ಲಿ ಎಷ್ಟು ಜನ ಉಂಟು?" ಕೇಳಿದೆ.

"ಐದು. ಐದೂ ನಿಮಗೇ."

ಟೀಚರು ಕಟ್ಟಿನಿಂದ ಐದು ನೋಟಿಸು ಎಣಿಸಿ ತೆಗೆದರು. ಒಂದೇ ಮನೆಯಲ್ಲಿ ಐದು ಸೀಟು. "ಎಲ್ಲರೂ ಪ್ಲಸ್ ಟು ಪಾಸಾ?" ಅಂತ ಕೇಳಿದರು.

"ಪಾಸು ಫೇಲು ಎಂತಕ್ಕೆ, ಕಾರ್ಡು ಉಂಟಲ್ಲ? ಅಮ್ಮನದ್ದು ಮಾತ್ರ ಒಂದು ಸಮಸ್ಯೆ. ಅವರಿಗೆ ಎಂಬತ್ತು ದಾಟಿತು, ನಡೆಯಲಿಕ್ಕೆ ಆಗುವುದಿಲ್ಲ. ಆ ದಿವಸ ನೀವು ಒಂದು ಜೀಪು ಕಳಿಸಬೇಕು."

ನಮಗೆ ವಿಷಯ ಅರ್ಥವಾಯಿತು. ಅವರಿಗೆ ಆಗಬೇಕಾದರೆ ಒಂದು ಚಾ ಮುಗಿಯಬೇಕಾಯಿತು. ನಾವು ಪಾರ್ಟಿಯವರಲ್ಲ, ಕಾಲೇಜಿನವರು ಅಂತ ಬಿಡಿಸಿ ಹೇಳಿದ ಮೇಲೆ ಅವರು ಮತ್ತೆ ಕತ್ತಿ ಕೈಗೆತ್ತಿಕೊಂಡರು.

"ಮಕ್ಕಳು ಇಬ್ಬರೂ ಓದು ಮುಗಿಸಿ ದುಬಾಯಿಯಲ್ಲಿದ್ದಾರೆ. ಓಟಿಗೆ ಮಾತ್ರ ಬರುವುದು," ಅಂದರು. ಮತ್ತೆ ನಾವು ಬೇಜಾರು ಮಾಡಿಕೊಳ್ಳಬಾರದಲ್ಲ ಅಂತ ಸಮಾಧಾನವನ್ನೂ ಹೇಳಿದರು. "ನೀವು ಬೇಸರ ಮಾಡ್ಬೇಡಿ ಮಾಷ್ಟ್ರೆ. ಬೆಳಿಗ್ಗೆ ಬಂದ ಆ ಮೂರು ಪಾರ್ಟಿಯವರಿಗೂ ನಾನು ಐದೂ ನಿಮಗೇ ಅಂತಲೇ ಹೇಳಿದ್ದು."

ಟೈ ಕಟ್ಟಿದ ಹುಡುಗ

ವರ್ಕಾಡಿಯಲ್ಲಿ ಒಂದು ಮನೆಗೆ ಹೋದಾಗ ಅಲ್ಲಿ ನಮಗಿಂತ ಮೊದಲೇ ಒಬ್ಬ ಬಂದು ಕೂತಿದ್ದ. ಗಡಿಯಾಚೆಯ ಒಂದು ಪ್ರೈವೇಟ್ ಕಾಲೇಜಿನವ. ಪ್ರಾಯ ಇಪ್ಪತ್ತೈದಿರಬಹುದು. ಆ ಸೆಕೆಯಲ್ಲಿ ಕುತ್ತಿಗೆಗೆ ಟೈ, ಕೈಯಲ್ಲಿ ಒಂದು ಟ್ಯಾಬು. ಟ್ಯಾಬಿನಲ್ಲಿ ಅವರ ಕಾಲೇಜಿನ ಈಜುಕೊಳ ತೋರಿಸುತ್ತಾ ಇದ್ದ. ನೀರು ನೀಲಿ ನೀಲಿಯಾಗಿತ್ತು.

ಮನೆಯವರಿಗೆ ಎರಡು ಕಾಲೇಜಿನವರಲ್ಲಿ ಯಾರನ್ನು ಎಬ್ಬಿಸುವುದು ಅಂತ ಗೊತ್ತಾಗಲಿಲ್ಲ. ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಂದೇ ತಟ್ಟೆಯಲ್ಲಿ ಹಲಸಿನ ಹಪ್ಪಳ ಇಟ್ಟರು. ಅವನದ್ದು ಮುಗಿದ ಮೇಲೆ ನಮ್ಮ ಸರದಿ.

"ನಿಮ್ಮಲ್ಲಿ ಎಂತ ಉಂಟು?" ಮನೆಯ ಹುಡುಗ ಕೇಳಿದ.

ನಮ್ಮಲ್ಲಿ ಈಜುಕೊಳ ಇಲ್ಲ. ಮಳೆಗಾಲದಲ್ಲಿ ವಿಭಾಗದ ಎದುರು ನೀರು ನಿಲ್ಲುತ್ತದೆ, ಆದರೆ ಅದನ್ನು ಹೇಳಿಕೊಳ್ಳುವ ಹಾಗಿಲ್ಲ. ಟೀಚರು ಇದ್ದದ್ದನ್ನು ಹೇಳಿದರು. ಫೀಸು ಇಲ್ಲದ ಹಾಗೆಯೇ, ಸ್ಕಾಲರ್‌ಶಿಪ್ ನಾವೇ ಹಿಂದೆ ಬಿದ್ದು ತೆಗೆಸಿಕೊಡ್ತೇವೆ, ಆಫೀಸಿನಲ್ಲಿ ಮಲಯಾಳ ಗೊತ್ತಾಗದಿದ್ದರೆ ನಮ್ಮಲ್ಲೊಬ್ಬರು ಜೊತೆಗೆ ಬರ್ತೇವೆ, ಬಸ್ಸು ತಪ್ಪಿದರೆ ಯಾರೂ ಬೈಯುವುದಿಲ್ಲ.

ಹುಡುಗ ಈಜುಕೊಳದ ಕಡೆಗೇ ವಾಲಿದ. ಅವನದ್ದು ತಪ್ಪು ಅನ್ನಲಿಕ್ಕೆ ಆಗುವುದಿಲ್ಲ, ಸೆಕೆ ಹಾಗಿತ್ತು.

ನಾವು ಗೇಟು ದಾಟಿ ಸ್ಕೂಟರ್ ಹತ್ತುವಾಗ ಟೈಯವ ಹಿಂದಿನಿಂದ ಓಡಿಕೊಂಡು ಬಂದ. ಸೋತವರ ಕೈ ಕುಲುಕಲಿಕ್ಕೆ ಬಂದನೋ ಅಂದುಕೊಂಡೆ. ಅವನು ಟೈ ಸಡಿಲಿಸಿ, ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ಸಣ್ಣ ಸ್ವರದಲ್ಲಿ ಹೇಳಿದ:

"ಸರ್, ನನ್ನ ತಂಗಿಗೆ ಕನ್ನಡದಲ್ಲಿ ಒಳ್ಳೆ ಮಾರ್ಕು ಉಂಟು. ನಿಮ್ಮಲ್ಲಿಗೆ ಸೇರಿಸಬಹುದಾ? ನಮ್ಮ ಕಾಲೇಜಿನ ಫೀಸು ಕೊಡ್ಲಿಕ್ಕೆ ನಮ್ಮಂಥವರಿಗೆ ಎಡಿಯುವುದಿಲ್ಲ."

ಪ್ರಿನ್ಸಿಪಾಲರ ಕನ್ನಡ

ಇಷ್ಟು ತಿರುಗಿಯೂ ಕೊನೆಗೆ ಒಂದು ತಲೆ ಕಡಿಮೆ ಬಿತ್ತು. ಒಂದೇ ಒಂದು. ಪ್ರಿನ್ಸಿಪಾಲರು, "ಊರಿನವರನ್ನೆಲ್ಲ ಕರೆದು ಒಂದು ಸಭೆ ಮಾಡುವ, ನಾನೇ ಕನ್ನಡದಲ್ಲಿ ಮಾತಾಡ್ತೇನೆ," ಅಂದರು. ಅವರಿಗೆ ಕನ್ನಡದಲ್ಲಿ ಬರುತ್ತಿದ್ದದ್ದು "ಊಟ ಆಯ್ತಾ" ಒಂದೇ.

ನಾನು ಭಾಷಣ ಬರೆದು ಮಲಯಾಳ ಲಿಪಿಯಲ್ಲಿ ಕೊಟ್ಟೆ. ಅವರು ವಾರವಿಡೀ ಕಾರಿಡಾರಿನಲ್ಲಿ ನಡೆಯುತ್ತಾ ಬಾಯಿಪಾಠ ಮಾಡಿದರು. ಸಭೆಯ ದಿನ ಎಷ್ಟು ಚೆಂದ ಹೇಳಿದರೆಂದರೆ, ಅರ್ಧಕ್ಕೆ ಜನ ಚಪ್ಪಾಳೆ ತಟ್ಟಿದರು. ಅಲ್ಲೇ ಎಡವಟ್ಟಾದದ್ದು. ಇಷ್ಟು ಕನ್ನಡ ಬರುವವರಲ್ಲಿ ನೇರ ಕೇಳಬಹುದಲ್ಲ ಅಂತ ಒಬ್ಬ ತಂದೆ ಎದ್ದು ನಿಂತರು.

"ಸರ್, ಹುಡುಗಿಯರಿಗೆ ಹಾಸ್ಟೆಲ್ ಉಂಟಾ?"

ಪ್ರಿನ್ಸಿಪಾಲರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಬಾಯಿಪಾಠದ ಓಟ ನಿಲ್ಲಿಸಿದರೆ ಮತ್ತೆ ಹಿಡಿಯಲಿಕ್ಕಾಗುವುದಿಲ್ಲ. ನಗುತ್ತಾ ಮುಂದಿನ ಪ್ಯಾರಾ ಹೇಳಿದರು: "ನಮ್ಮ ಲೈಬ್ರರಿಯಲ್ಲಿ ಕನ್ನಡದ ಅಮೂಲ್ಯ ಗ್ರಂಥಗಳಿವೆ."

ತಂದೆ ತಲೆಯಾಡಿಸಿ ಕೂತರು. ನಾನು ಏಳಲು ಹೊರಟೆ. ಟೀಚರು ನನ್ನ ಅಂಗಿ ಹಿಡಿದು ಎಳೆದರು. "ಸುಮ್ಮನೆ ಕೂತ್ಕೊಳ್ಳಿ. ಒಳ್ಳೆದಾಗಿ ಹೋಗ್ತಾ ಉಂಟು."

ಇನ್ನೊಬ್ಬರು, ಬಸ್ಸು ತಡವಾದರೆ ಅಟೆಂಡೆನ್ಸ್ ಕೊಡ್ತೀರಾ ಅಂತ ಕೇಳಿದರು. ಅವರಿಗೆ ಗಡಿನಾಡಿನ ಭವ್ಯ ಪರಂಪರೆ ಸಿಕ್ಕಿತು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ವರ್ಕಾಡಿ ಕಡೆಯವರು, ನಲವತ್ತರ ಪ್ರಾಯ. ಅವರ ಮಗಳನ್ನು ಕರೆಯಲು ನಾವು ಹೋಗಿದ್ದೆವು, ಮಗಳು ಮಂಗಳೂರಿಗೆ ನರ್ಸಿಂಗಿಗೆ ಹೋಗುವುದೆಂದು ತೀರ್ಮಾನಿಸಿದ್ದಳು. ಸಭೆಗೆ ಅಮ್ಮ ಮಾತ್ರ ಬಂದಿದ್ದರು.

"ಸರ್," ಅವರು ಎದುರಿನ ಬೆಂಚು ಹಿಡಿದು ಕೇಳಿದರು, "ನಾನು ಪ್ಲಸ್ ಟು ಪಾಸಾಗಿ ಕೂತವಳು. ಆಗ ಮದುವೆ ಆಯ್ತು. ಈಗ ನಾನೇ ಸೇರಬಹುದಾ?"

ಪ್ರಿನ್ಸಿಪಾಲರಲ್ಲಿ ಉಳಿದಿದ್ದದ್ದು ಕೊನೆಯ ಪ್ಯಾರಾ ಒಂದೇ. ಅವರು ಎರಡೂ ಕೈ ಮುಗಿದು ಗಂಟಲು ಬಿಚ್ಚಿ ಹೇಳಿದರು: "ನೀವು ನಮ್ಮ ಮನೆಯವರು. ಈ ಬಾಗಿಲು ನಿಮಗಾಗಿ ಯಾವಾಗಲೂ ತೆರೆದಿದೆ."

ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೂತರು. ಸಭೆಯೇ ಎದ್ದು ಚಪ್ಪಾಳೆ ತಟ್ಟಿತು.

ಕೆಳಗಿಳಿದ ಪ್ರಿನ್ಸಿಪಾಲರು ಬೆವರೊರೆಸುತ್ತಾ, "ಆ ಅಮ್ಮ ಎಂತ ಕೇಳಿದ್ದು?" ಅಂದರು ಮಲಯಾಳದಲ್ಲಿ. ಹೇಳಿದೆ. "ನಾನು ಎಂತ ಹೇಳಿದೆ?" ಅದನ್ನೂ ಹೇಳಿದೆ. ಅವರು ಭಾಷಣದ ಕಾಗದ ಮಡಚಿ ಕಿಸೆಗೆ ಹಾಕಿದರು.

"ವಯಸ್ಸಿನ ರೂಲ್ಸ್ ಇದ್ದರೆ ನೀನೇ ನೋಡು. ಇನ್ನು ಆಗುವುದಿಲ್ಲ ಅನ್ನಲಿಕ್ಕೆ ನನಗೆ ಅದರ ಕನ್ನಡ ಗೊತ್ತಿಲ್ಲ."

ರೂಲ್ಸಿನಲ್ಲಿ ವಯಸ್ಸಿನ ಮಿತಿ ಇರಲಿಲ್ಲ. ಕ್ಲಾಸು ಉಳಿಯಿತು.

ನಡುವಿನವ

ಸೇರಿಸಿಕೊಂಡರೆ ಮುಗಿಯಲಿಲ್ಲ, ಉಳಿಸಿಕೊಳ್ಳಬೇಕು. ಸೀತಾಂಗೋಳಿ ಕಡೆಯ ಒಬ್ಬ ಹುಡುಗ ಒಂದು ವಾರ ಆಫೀಸಿನ ಕಿಟಕಿಯವರೆಗೆ ಹೋಗಿ ವಾಪಸ್ ಬರುತ್ತಾ ಇದ್ದ. ಕೇಳಿದರೆ, "ಅವರು ಮಲಯಾಳದಲ್ಲಿ ಕೇಳ್ತಾರೆ ಸರ್, ನನಗೆ ಬಾಯಿಯೇ ಬರುವುದಿಲ್ಲ," ಅಂದ.

ನಾನು ಜೊತೆಗೆ ಹೋದೆ. ಕ್ಲಾರ್ಕು ಹೊಸಬರು, ಗಂಭೀರ ಮುಖ. ಅವರು ಮಲಯಾಳದಲ್ಲಿ ಕೇಳುವುದು, ನಾನು ಕನ್ನಡ ಮಾಡುವುದು. ಹುಡುಗ ಕನ್ನಡದಲ್ಲಿ ಹೇಳುವುದು, ನಾನು ಮಲಯಾಳ ಮಾಡುವುದು. ಜಾತಿ ಸರ್ಟಿಫಿಕೇಟು, ಬ್ಯಾಂಕಿನ ಪಾಸ್‌ಪುಸ್ತಕ, ಅಮ್ಮನ ಹೆಸರು ಎಲ್ಲ ಹೀಗೆ ನನ್ನ ಮೂಲಕವೇ ದಾಟಿದವು. ನನ್ನ ಬಗ್ಗೆ ನನಗೇ ಗೌರವ ಬರಲು ಶುರುವಾಗಿತ್ತು.

ಅಷ್ಟರಲ್ಲಿ ಹುಡುಗನ ಅಮ್ಮನ ಫೋನ್ ಬಂತು. ಅವನು ತುಳುವಿನಲ್ಲಿ ಎರಡು ಮಾತಾಡಿ ಇಟ್ಟ. ಕ್ಲಾರ್ಕಿನ ಪೆನ್ನು ನಿಂತಿತು.

"ನೀನು ತುಳುವಿನವನಾ?" ಅಂತ ತುಳುವಿನಲ್ಲೇ ಕೇಳಿದರು. ಅವರ ಮನೆಯೂ ಅಲ್ಲೇ ಪಕ್ಕದ ಊರು, ಮನೆಮಾತು ತುಳುವೇ. ಆಫೀಸಿಗೆ ಬಂದ ಮೇಲೆ ಮಲಯಾಳ ಮಾತಾಡಬೇಕು ಅಂತ ಕಷ್ಟಪಟ್ಟು ಮಾತಾಡುತ್ತಾ ಇದ್ದರು. ಮತ್ತೆ ಇಬ್ಬರೂ ಹುಡುಗನ ಮಾವನ ಅಂಗಡಿ, ಯಾರದ್ದೋ ಕೋಳಿ, ಯಾರದ್ದೋ ಮದುವೆ ಅಂತ ಶುರು ಮಾಡಿದರು. ನನಗೆ ತುಳು ಅರ್ಥವಾಗುತ್ತದೆ, ಆದರೆ ಯಾರೂ ನನ್ನನ್ನು ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, ಒಂದು ವಾರ ಬಾಯಿಯೇ ಬರದಿದ್ದ ಹುಡುಗ ನನ್ನ ಕಡೆ ತಿರುಗಿ ಹೇಳಿದ: "ಸರ್, ನೀವು ಇನ್ನೂ ನಿಂತಿದ್ದೀರಾ? ಹೋಗಿ ಸರ್, ಮುಂದೆ ಇವರಲ್ಲಿ ಮಾತಾಡ್ಲಿಕ್ಕೆ ನಿಮಗೆ ಎಂತ ಕಷ್ಟ ಇದ್ದರೂ ನಾನು ಹೇಳಿಕೊಡ್ತೇನೆ."

ರಕ್ಷಕರನ್ನು ಕರೆಸುವುದು

ಆ ನಲವತ್ತರ ವಿದ್ಯಾರ್ಥಿನಿಗೆ ನಾನೇ ಟ್ಯೂಟರ್. ಕ್ಲಾಸಿನ ಮಕ್ಕಳೆಲ್ಲ ಅವರನ್ನು ಅಕ್ಕ ಅನ್ನುತ್ತಾರೆ. ಓದುವುದರಲ್ಲಿ ಚುರುಕು. ಆದರೆ ಒಂದೆರಡು ತಿಂಗಳಲ್ಲಿ ಅಟೆಂಡೆನ್ಸ್ ಇಳಿಯಲು ಶುರುವಾಯಿತು. ಶುಕ್ರವಾರ ಮಧ್ಯಾಹ್ನದ ಮೇಲೆ ಅವರ ಜಾಗ ಖಾಲಿ. ಅಟೆಂಡೆನ್ಸ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಅವರು ಹೋದರೆ ಮತ್ತೆ ಒಂದು ತಲೆ ಕಡಿಮೆ, ಕ್ಲಾಸೂ ಇಲ್ಲ. ಪ್ರಿನ್ಸಿಪಾಲರು, "ಆ ಅಮ್ಮನನ್ನು ಹೇಗಾದರೂ ಹಿಡಿದುಕೋ," ಅಂದರು.

ಅಟೆಂಡೆನ್ಸ್ ಕಡಿಮೆಯಾದರೆ ಟ್ಯೂಟರ್ ರಕ್ಷಕರನ್ನು ಕರೆಸಿ ಮಾತಾಡಬೇಕು ಅಂತ ನಿಯಮ. ನನಗಿಂತ ಎಂಟು ಹತ್ತು ವರ್ಷ ಮಾತ್ರ ಸಣ್ಣವರ ಹತ್ತಿರ ಹೇಗೆ ಹೇಳುವುದು? ಹೇಳಿದೆ. "ಮನೆಯಿಂದ ಯಾರಾದರೂ ದೊಡ್ಡವರನ್ನು ಕರಕೊಂಡು ಬನ್ನಿ."

ಗಂಡ ಗಲ್ಫಿನಲ್ಲಿ. ಮರುದಿನ ಅತ್ತೆಯನ್ನು ಕರಕೊಂಡು ಬಂದರು.

ಅತ್ತೆ ಎಪ್ಪತ್ತು ದಾಟಿದವರು, ಕೈಯಲ್ಲಿ ಉದ್ದ ಕೊಡೆ. ನನ್ನ ಎದುರು ಕೂತು ಕೊಡೆಯನ್ನು ಮೇಜಿನ ಮೇಲೆ ಅಡ್ಡ ಇಟ್ಟರು. ಸೊಸೆ ಬದಿಯಲ್ಲಿ ನಿಂತು, ಹದಿನೆಂಟರ ಮಕ್ಕಳು ನಿಲ್ಲುವ ಹಾಗೆಯೇ, ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಾ ಇದ್ದರು.

"ಇವಳು ಕ್ಲಾಸಿಗೆ ಬರುವುದಿಲ್ಲವಂತೆ," ಅತ್ತೆ ಶುರು ಮಾಡಿದರು.

"ಶುಕ್ರವಾರ ಮಧ್ಯಾಹ್ನ ಮಾತ್ರ, ಅಮ್ಮ."

"ಶುಕ್ರವಾರವೂ ಮನೆಗೆ ಬರುವುದು ಸಂಜೆಗೇ. ಮತ್ತೆ ಎಲ್ಲಿಗೆ ಹೋಗುವುದು ನೀನು?"

ಸೊಸೆ ನೆಲ ನೋಡಿಕೊಂಡೇ, "ಸಿನಿಮಾಕ್ಕೆ, ಅತ್ತೆ," ಅಂದರು.

"ಯಾರೊಟ್ಟಿಗೆ?"

"ಕ್ಲಾಸಿನ ಹುಡುಗಿಯರೊಟ್ಟಿಗೆ. ನಾನು ಇದ್ದರೆ ಅವರನ್ನು ಮನೆಯಲ್ಲಿ ಬಿಡ್ತಾರೆ. ಅಕ್ಕ ಇದ್ದಾರಲ್ಲ ಅಂತ."

"ಯಾವ ಸಿನಿಮಾ?"

"ಬಂದದ್ದೆಲ್ಲ."

ಅತ್ತೆ ಮೇಜಿನ ಮೇಲಿನ ಕೊಡೆಗೆ ಕೈ ಹಾಕಿದರು. ಆಚೆ ಮೇಜಿನಲ್ಲಿ ಟೀಚರು ಓದುವ ಹಾಗೆ ಮಾಡುವುದನ್ನೂ ನಿಲ್ಲಿಸಿದರು. ಇನ್ನು ಈ ಮುದುಕಿ ಸಾಕು ಓದಿದ್ದು ಅಂತ ಸೊಸೆಯನ್ನು ಎಳಕೊಂಡು ಹೋದರೆ ಕನ್ನಡ ಬಿಎ ಮುಗಿಯಿತು. ನಾನು ಅವಸರದಲ್ಲಿ ಬಾಯಿ ಹಾಕಿದೆ. "ಅಮ್ಮ, ಸಿನಿಮಾ ಅಂದರೆ ಅದೂ ಒಂದು ಥರದ ಓದೇ."

"ನೀವು ಸುಮ್ಮನಿರಿ ಮಾಷ್ಟ್ರೆ. ಓದು ನಿಲ್ಲಿಸುವ ಮಾತಿಲ್ಲ. ನನ್ನ ಮಗನಲ್ಲಿ ಜಗಳ ಮಾಡಿ ಇವಳನ್ನು ಸೇರಿಸಿದ್ದು ನಾನು." ಮತ್ತೆ ಕೇಳಿದರು, "ಶುಕ್ರವಾರ ಮಧ್ಯಾಹ್ನ ಯಾರ ಕ್ಲಾಸು?"

"ನನ್ನದು," ಅಂದೆ.

"ಎಂತ ಕಲಿಸುವುದು?"

"ಛಂದಸ್ಸು."

"ಸ್ವಲ್ಪ ಹೇಳಿ, ಕೇಳುವ."

ನಾನು ಲಘು, ಗುರು, ಮಾತ್ರೆ, ಗಣ ಎಲ್ಲ ನಿಧಾನವಾಗಿ ವಿವರಿಸಿದೆ. ಅತ್ತೆ ಕಣ್ಣು ಮಿಟುಕಿಸದೆ ಕೇಳಿದರು. ಮುಗಿದ ಮೇಲೆ ಕೊಡೆ ತೆಗೆದುಕೊಂಡು ಎದ್ದರು. ಸೊಸೆಯ ಕಡೆ ತಿರುಗಿ, "ಬರುವ ಶುಕ್ರವಾರ ನಾನೂ ಬರ್ತೇನೆ," ಅಂದರು.

ನನ್ನ ಸರ್ವಿಸಿನಲ್ಲಿ ಛಂದಸ್ಸು ಕೇಳಿ ಮತ್ತೆ ಬರ್ತೇನೆ ಅಂದ ಮನುಷ್ಯರು ಅವರೊಬ್ಬರೇ. ಶುಕ್ರವಾರ ಸ್ಟಾಫ್ ರೂಮಿನಿಂದ ಕೈ ಇರುವ ಕುರ್ಚಿ ತಂದು, ಒರೆಸಿ, ಕ್ಲಾಸಿನ ಎದುರು ಸಾಲಿನಲ್ಲಿ ಹಾಕಿಸಿದೆ. ಸೊಸೆ ಬರಲಿಲ್ಲ. ಅತ್ತೆಯೂ ಬರಲಿಲ್ಲ. ಹುಡುಗಿಯರೂ ಬರಲಿಲ್ಲ. ಟಾಕೀಸಿನಲ್ಲಿ ಒಂದು ಸಾಲು ಪೂರ್ತಿ ಅವರೇ ಇದ್ದರಂತೆ, ನಡುವಿನಲ್ಲಿ ಕೊಡೆ.

ಟೀಚರೂ ನಾನೂ ಕೂತು ಆಲೋಚನೆ ಮಾಡಿ ಟೈಮ್‌ಟೇಬಲ್ ಬದಲಿಸಿದೆವು. ಛಂದಸ್ಸು ಸೋಮವಾರ ಬೆಳಿಗ್ಗೆಗೆ ಹೋಯಿತು. ಶುಕ್ರವಾರ ಮಧ್ಯಾಹ್ನ ನಮ್ಮ ಮಕ್ಕಳಿಗೆ ಕ್ಲಾಸೇ ಇಲ್ಲ. ಅಂದಿನಿಂದ ಅಕ್ಕನ ಅಟೆಂಡೆನ್ಸ್ ಏರಿತು, ಹುಡುಗಿಯರದ್ದೂ ಏರಿತು, ಎಲ್ಲರೂ ಪರೀಕ್ಷೆಗೆ ಕೂತರು. ಯೂನಿವರ್ಸಿಟಿಯವರು ಬಂದು ತಲೆ ಎಣಿಸಿ ಸರಿ ಉಂಟು ಅಂತ ಹೋದರು. ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿ ಊಟ ಆಯ್ತಾ ಅಂದರು.

ಅದೇ ವಾರ ಅತ್ತೆಯ ಫೋನ್ ಬಂತು. ಉಪಕಾರ ಹೇಳಲಿಕ್ಕಿರಬೇಕು ಅಂದುಕೊಂಡು ಎದ್ದು ನಿಂತೇ ಎತ್ತಿದೆ.

"ಮಾಷ್ಟ್ರೆ, ಆ ಶುಕ್ರವಾರದ ಕ್ಲಾಸು ನೀವು ಯಾಕೆ ತೆಗೆದದ್ದು?"

"ಎಲ್ಲರಿಗೂ ಅನುಕೂಲ ಆಗಲಿ ಅಂತ, ಅಮ್ಮ."

"ಎಂತ ಅನುಕೂಲ? ಕ್ಲಾಸು ಇಲ್ಲ ಅಂತ ಮಕ್ಕಳೆಲ್ಲ ನೇರ ಮನೆಗೆ ಹೋಗ್ತಾರೆ. ಸಿನಿಮಾಕ್ಕೆ ಒಬ್ಬರೂ ಬರುವುದಿಲ್ಲ. ತಪ್ಪಿಸಲಿಕ್ಕೆ ಎಂತದೂ ಇಲ್ಲದಿದ್ದರೆ ಮಜಾ ಇಲ್ಲವಂತೆ." ಆಮೇಲೆ ಸ್ವರ ತಗ್ಗಿಸಿ, ನನ್ನ ಮನಸ್ಸಿಗೆ ನೋವಾಗಬಾರದು ಎಂಬ ಹಾಗೆ ಹೇಳಿದರು: "ನೀವು ಛಂದಸ್ಸು ವಾಪಸ್ ಹಾಕಿ ಮಾಷ್ಟ್ರೆ. ತಿಂಗಳಿಗೆ ಒಂದು ಸಲ ಸಾಕು. ನೀವು ಕಲಿಸಿದರೇ ಅವರು ಹೊರಡುವುದು."