ಕನ್ನಡಕ ಕೂದಲೆಳೆಯಷ್ಟು ಮೇಲೆ

ಚನ್ನರಾಯಪಟ್ಟಣದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಕಡ್ಡಿ ಒಂಚೂರು ಬಗ್ಗಿಸಿ, ಸ್ಕ್ರೂ ಅರ್ಧ ಸುತ್ತು ಬಿಗಿದು, ಮೂಗಿನ ಮೇಲೆ ಸರಿಯಾಗಿ ಕೂರಿಸುವುದು ನನ್ನ ಕಸುಬು, ಸ್ವಲ್ಪ ಹುಚ್ಚೂ ಹೌದು. ತೀರಾ ಚೆನ್ನಾಗಿ ಕೂರಿಸಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ.

ಮೇಷ್ಟ್ರ ಕಣ್ಣು

ಹಾಸನದ ಗಣಿತದ ಮೇಷ್ಟ್ರೊಬ್ಬರ ಕನ್ನಡಕ ಸದಾ ಮೂಗಿನ ತುದಿಗೆ ಜಾರುತ್ತಿತ್ತು. ಸರಿ ಮಾಡಿಕೊಟ್ಟೆ. ತಲೆ ಅಲ್ಲಾಡಿಸಿದರೂ ಕದಲಲಿಲ್ಲ. ವಾರ ಕಳೆದು ಮುಖ ಬಾಡಿಸಿಕೊಂಡು ಬಂದರು.

"ಮೊದ್ಲಿನಂಗೇ ಜಾರೋ ಹಂಗೆ ಮಾಡ್ಕೊಡಪ್ಪ."

"ಯಾಕೆ ಸಾ, ಕಾಣಲ್ವಾ?"

"ಚೆನ್ನಾಗೇ ಕಾಣ್ತದೆ. ಮೊದ್ಲು ಕನ್ನಡಕದ ಮೇಲಿಂದ ಒಂದ್ಸಲ ಕಣ್ಬಿಟ್ರೆ ಕ್ಲಾಸೇ ಗಪ್‌ಚುಪ್. ಈಗ ಎಷ್ಟು ಕಣ್ಬಿಟ್ರೂ ಗಾಜೊಳಗೇ ಉಳ್ಕತದೆ. ಹುಡುಗ್ರು 'ಉಷಾರಿಲ್ವಾ ಸಾ' ಅಂತ ಕೇಳ್ತವೆ."

ಪೊಂಗಲ್ ಆರಿದ್ದು

ಅರಕಲಗೂಡಿನ ಅರ್ಚಕರೊಬ್ಬರು ಪೂಜೆಗೆ ಬಗ್ಗಿದರೆ ಕನ್ನಡಕ ಆರತಿ ತಟ್ಟೆಗೇ ಬೀಳುತ್ತಿತ್ತು. ಕಡ್ಡಿಯ ತುದಿ ಬಿಸಿ ಮಾಡಿ ಕಿವಿಯ ಹಿಂದಕ್ಕೆ ಬಗ್ಗಿಸಿಕೊಟ್ಟೆ. ಸ್ವಲ್ಪ ದಿನಕ್ಕೆ ಆ ದೇವಸ್ಥಾನದ ಭಕ್ತರಿಬ್ಬರು ಅಂಗಡಿಗೆ ಬಂದರು.

"ನಿಮ್ಮ ಕನ್ನಡಕ ಕೊಡಿ" ಅಂದೆ.

"ನಮ್ದಲ್ಲ ಸಾ, ಐನೋರ್ದು. ಮೊದ್ಲು ಕಣ್ಣು ಕಾಣ್ದೆ ಅರ್ಚನೆ ಚೀಟಿನೆಲ್ಲ ಒಟ್ಟಿಗೆ ಇಟ್ಟು ಕೈ ಮುಗ್ದುಬುಡೋರು. ಈಗ ಒಬ್ಬೊಬ್ಬರ ಗೋತ್ರ, ನಕ್ಷತ್ರ, ಮೊಮ್ಮಕ್ಕಳ ಹೆಸ್ರು, ಒಂದೂ ಬುಡಲ್ಲ. ಮಂಗಳಾರತಿ ಆಗೋವಷ್ಟರಲ್ಲಿ ಪೊಂಗಲ್ ಕಲ್ಲಾಗಿರ್ತದೆ. ವಸಿ ಲೂಸ್ ಮಾಡ್ಕೊಡಿ."

ಹೆಣ್ಣು ನೋಡಲು ಹೋದದ್ದು

ಹೊಳೆನರಸೀಪುರದ್ದು ನಾನು ಹೆಣ್ಣು ನೋಡಲು ಹೋದ ಐದನೆಯ ಮನೆ. ಹುಡುಗಿ ನನಗೆ ತುಂಬಾ ಹಿಡಿಸಿಬಿಟ್ಟಳು, ಇದೊಂದು ತಪ್ಪಿಹೋಗಬಾರದಪ್ಪ ಅಂತ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಆ ಮನೆಯಲ್ಲಿ ಅಜ್ಜಿ ಒಪ್ಪಿದರಷ್ಟೇ ಮದುವೆ. ಅಜ್ಜಿ ಸೊಟ್ಟ ಕನ್ನಡಕದಲ್ಲೇ ನನ್ನತ್ತ ನೋಡಿ, "ಲಕ್ಷಣವಾಗವ್ನೆ ಕಣವ್ವ, ಆಗ್ಲಿ" ಅಂದರು.

ಉಪ್ಪಿಟ್ಟು ತಿಂದು ಎದ್ದಿದ್ದರೆ ಅಲ್ಲಿಗೆ ಮುಗಿದಿತ್ತು. ಕೈ ಸುಮ್ಮನಿರಬೇಕಲ್ಲ. "ಕೊಡಿ ಅಜ್ಜಿ" ಎಂದು ಕನ್ನಡಕ ಇಸ್ಕೊಂಡು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಕೂದಲೆಳೆಯಷ್ಟು ಮೇಲೇರಿಸಿ ಕೊಟ್ಟೆ.

ಅಜ್ಜಿ ಹಾಕಿಕೊಂಡರು. ನೋಟ ನನ್ನ ನೆತ್ತಿಯ ಮೇಲೆ ನಿಂತಿತು.

"ಇದೇನವ್ವ, ಉಡುಗನ ತಲೇಲಿ ಕೂದ್ಲೇ ಇಲ್ವಲ್ಲ."

ನಮ್ಮಮ್ಮ ನನ್ನನ್ನು ನುಂಗುವ ಹಾಗೆ ನೋಡಿದಳು. ನನಗಂತೂ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಅಜ್ಜಿಯ ಕಣ್ಣು ನನ್ನ ತಟ್ಟೆಗಿಳಿಯಿತು. ಹುಡುಗಿಯೇ ಮಾಡಿದ್ದ ಉಪ್ಪಿಟ್ಟು, ನಾನು ತುಟಿಪಿಟಿಕ್ಕೆನ್ನದೆ ಅರ್ಧ ಮುಗಿಸಿದ್ದೆ. ಅಜ್ಜಿ ಬಗ್ಗಿ ಚೆನ್ನಾಗಿ ನೋಡಿದರು.

"ನಮ್ಮುಡುಗಿ ಉಪ್ಪಿಟ್ಟೂ ಸೀದೋಗದೆ. ಸರಿಗ್ ಸರಿ ಆಯ್ತು ಬುಡಿ. ಆಗ್ಲಿ."