ಚಿನ್ನದಂಥ ಬಾಡಿಗೆದಾರ

ನೀರು ಬರಲಿಲ್ಲವೆಂದು ನಲ್ಲಿಯನ್ನು ತೆರೆದೇ ಬಿಟ್ಟು ಟೈಲರು ಅಂಗಡಿಗೆ ಹೋದ. ಮಾಡಿದ ತಪ್ಪು ಅಷ್ಟೇ. ಸಂಜೆಗೆ ಕೆಳಗಿನ ಮನೆಯಲ್ಲಿದ್ದ ಮಾಲೀಕನ ಹಾಸಿಗೆ ಕೆರೆಯಾಗಿತ್ತು. "ಭಾನುವಾರ ಗಂಟುಮೂಟೆ ಕಟ್ಟು!" ಎಂದು ಮಾಲೀಕ ಬೀದಿಗೆಲ್ಲ ಕೇಳುವಂತೆ ಕಿರುಚಿದ.

ಭಾನುವಾರ ಬಂದೇಬಿಟ್ಟಿತು. ಹೆಂಡತಿ ಪಾತ್ರೆಗಳನ್ನು ಮೂಟೆ ಕಟ್ಟಿ, "ಸಂಜೆಯೊಳಗೆ ಮನೆ ಸಿಗದಿದ್ರೆ ನನ್ನ ತಮ್ಮನ ಮನೆಗೆ ನಡೀರಿ" ಎಂದಳು. ಭಾಮೈದನ ಮನೆ! ಮದುವೆಯ ದಿನದಿಂದ ಇವನನ್ನು 'ಗುಂಡಿ ಹೊಲಿಯೋನು' ಎಂದೇ ಕರೆಯುವ ಆಸಾಮಿ ಅವನು. ಅವನ ಹಜಾರದಲ್ಲಿ ಚಾಪೆ ಹಾಸುವುದಕ್ಕಿಂತ ಹಾಳುಬಾವಿ ಮೇಲು.

ಇವನ ಕೈಗೆಟುಕುವ ಮನೆ ಊರಿಗೆಲ್ಲ ಒಂದೇ ಸಿಕ್ಕಿತ್ತು. ಎರಡು ಕೋಣೆ, ಒಂದು ಕಿಟಕಿ. ಒಡತಿ ನಿವೃತ್ತ ನರ್ಸಮ್ಮ. ಹಳೇ ಮಾಲೀಕ ಒಳ್ಳೆಯ ಮಾತು ಹೇಳಬೇಕು ಎಂಬುದೊಂದೇ ಅವರ ಷರತ್ತು.

"ಆ ಮನುಷ್ಯ ಒಳ್ಳೆ ಮಾತು ಹೇಳೋದು ಬೇವಿನ ಮರದಲ್ಲಿ ಮಾವು ಬಿಟ್ಟಾಗ" ಎಂದು ಟೈಲರು ಅಂಗಡಿಯ ಕಟಿಂಗ್ ಮಾಸ್ತರನ ಮುಂದೆ ಗೋಳಾಡಿದ್ದ.

"ಮಾಲೀಕಂದು ಅಂತ ಹೆಂಡ್ತಿ ಫೋನ್ ನಂಬರ್ ಕೊಡು. ಆ ಫೋನ್ ನಿನ್ನ ಜೇಬಲ್ಲಿಟ್ಕೋ. ಕರೆ ಬಂದ್ರೆ ಗಂಟಲು ಒರಟು ಮಾಡ್ಕೊಂಡು ನಿನ್ನ ನೀನೇ ಹೊಗಳ್ಕೋ. ಬೇರೆ ಯಾರು ಹೊಗಳ್ತಾರೆ ನಿನ್ನ?" ಎಂದು ಮಾಸ್ತರ ಉಪಾಯ ಹೇಳಿಕೊಟ್ಟಿದ್ದ.

ಮನೆ ತೋರಿಸಿದ ನರ್ಸಮ್ಮ ಟೈಲರು ಕೊಟ್ಟ ನಂಬರ್ ಬರೆದುಕೊಂಡು, "ನಿನ್ನ ಮಾಲೀಕರಿಗೆ ಆಮೇಲೆ ಫೋನ್ ಮಾಡ್ತೀನಿ" ಎಂದರು. ಅಲ್ಲೇ ಬಾಗಿಲಿಗೊರಗಿ ನಿಂತಿದ್ದ ಪಕ್ಕದ ಮನೆಯವಳು ಮೂಗು ತೂರಿಸಿದಳು.

"ಆಮೇಲೆ ಯಾಕಕ್ಕಾ? ಈಗ್ಲೇ ಮಾಡಿ. ಮುಖ ನೋಡಿ ಮಣೆ ಹಾಕ್ಬಾರ್ದು."

ನರ್ಸಮ್ಮ ಫೋನು ಎತ್ತಿಕೊಂಡರು. "ಬಚ್ಚಲು ನೋಡ್ತೀನಮ್ಮಾ!" ಎಂದವನೇ ಟೈಲರು ಒಳನುಗ್ಗಿ ಚಿಲಕ ಹಾಕಿಕೊಂಡ. ಜೇಬಿನಲ್ಲಿ ಫೋನು ಸಿಕ್ಕಿಬಿದ್ದ ದುಂಬಿಯಂತೆ ಗುಂಯ್‌ಗುಟ್ಟಿತು. ದನಿ ಹೊರಗೆ ಕೇಳದಿರಲೆಂದು ನಲ್ಲಿ ತಿರುಗಿಸಿದರೆ ನೀರು ಬಕೆಟ್ಟಿಗೆ ಬೀಳದೆ ಪ್ಯಾಂಟಿಗೆ ಹಾರಿತು.

"ಏನದು ನೀರಿನ ಸದ್ದು?"

"ಗಿಡಕ್ಕೆ ಬಿಡ್ತಿದೀನಿ ತಾಯಿ."

"ನಿಮ್ಮನೇಲಿರೋ ಟೈಲರು ಹೇಗೆ?"

"ಅವನಾ? ಚಿನ್ನದಂಥ ಹುಡುಗ."

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಹೊಗಳಿಕೆಯೆಂಬುದನ್ನು ಜನ್ಮದಲ್ಲಿ ಕೇಳದವನಿಗೆ ಅದರ ರುಚಿ ಹತ್ತಿಬಿಟ್ಟಿತು. "ನನ್ನಾಕೆ ಸತ್ತಾಗ ಬಾಯಿಗೆ ತುತ್ತಿಟ್ಟೋನು ಅವನು. ಮಕ್ಕಳಿಲ್ದೋನಿಗೆ ಮಗ ಆದ. ಅವನು ಹೋದ್ಮೇಲೆ ಈ ಮುದುಕ ಯಾರ ಮುಖ ನೋಡ್ಲಿ ತಾಯಿ?" ಎಂದು ಬಿಕ್ಕಿದ ಕೂಡ.

ಹೊರಬಂದಾಗ ನರ್ಸಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದ ಮನೆಯವಳು ಅವನ ಒದ್ದೆ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿ ಪಿಸುಗುಟ್ಟಿದಳು: "ಬಚ್ಚಲು ಚೆನ್ನಾಗಿ ಮಾತಾಡಿತೇನಪ್ಪಾ?"

ಟೈಲರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿಕೊಂಡೇ, "ಬೀಗದ ಕೈ ಕೊಡ್ತೀರಾ ಅಮ್ಮಾ?" ಎಂದ.

"ಯಾವ ಬೀಗದ ಕೈ? ಆ ಹಿರಿಯರು ಹೆತ್ತ ಮಗನಿಗೆ ಅತ್ತ ಹಾಗೆ ಅಳ್ತಿದಾರೆ. ಅವರ ಕಣ್ಣೀರಿನ ಬಾಡಿಗೆ ನನಗೆ ಬೇಡಪ್ಪ. ನಾಲ್ಕು ಕಾಸು ಉಳಿಯುತ್ತೆ ಅಂತ ಅಂಥೋರನ್ನ ಬಿಟ್ಟು ಬರ್ತಿದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?"

ಆಗುತ್ತಿತ್ತು. ನಿಜ ಹೇಳಲು ಬಾಯಿ ತೆರೆದ. ಹೇಳಿದರೆ ಸುಳ್ಳ, ಹೇಳದಿದ್ದರೆ ಕಟುಕ. ಬಾಯಿ ಮುಚ್ಚಿದ. ನರ್ಸಮ್ಮ ಅವನ ಕೈಗೆ ಸೇಬಿನ ಚೀಲ ತುರುಕಿ, "ಅವರಿಗೆ ಕೊಡು" ಎಂದರು.

"ಸುಲಿದು ಕೊಡಪ್ಪಾ. ಮುದುಕರು, ಹಲ್ಲು ಇದ್ಯೋ ಇಲ್ವೋ" ಎಂದಳು ಪಕ್ಕದ ಮನೆಯವಳು, ನಗು ತಡೆಯಲಾರದೆ.

ಬೀದಿಯ ತಿರುವು ದಾಟುವಷ್ಟರಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು. ನರ್ಸಮ್ಮ.

"ಯಜಮಾನ್ರೇ, ನಿಮ್ಮ ಹುಡುಗನ್ನ ವಾಪಸ್ ಕಳಿಸಿದೀನಿ. ಬೈಬೇಡಿ ಪಾಪ, ಮುಖ ಸಪ್ಪೆ ಮಾಡ್ಕೊಂಡು ಬರ್ತಿದಾನೆ."

ಟೈಲರು ಗೋಡೆಗೆ ಮುಖ ಮಾಡಿ ನಿಂತು, "ದೊಡ್ಡ ಉಪಕಾರ ಆಯ್ತು ತಾಯಿ" ಎಂದ. ಈ ಸಲ ಗಂಟಲು ಒರಟು ಮಾಡಿಕೊಳ್ಳಬೇಕಾಗಲಿಲ್ಲ.