ಎರಡಂತಸ್ತಿನ ಬಿದಿರು ಬುಟ್ಟಿ

ಬಾಗಿಲು ಬಡಿದ ಸದ್ದಾಯಿತು. ಜಗಳಕ್ಕೆ ಬಂದವರ ಬಡಿತವಲ್ಲ, ನೆಂಟರ ಬಡಿತವೂ ಅಲ್ಲ. ಮೆತ್ತಗೆ ಎರಡು ಸಲ ತಟ್ಟಿ, ಮರುಕ್ಷಣವೇ ಮೆಟ್ಟಿಲಿಳಿದು ಓಡಿದ ಕಾಲ ಸಪ್ಪಳ.

ಚಿಲಕದ ಸಾಹೇಬರು ಹಾಸಿಗೆಯಲ್ಲಿ ಸ್ಪ್ರಿಂಗಿನಂತೆ ಎದ್ದು ಕುಳಿತರು. "ಕಳ್ಳ!"

"ಕಳ್ಳ ಬಾಗಿಲು ತಟ್ಟಿ ಬರ್ತಾನೇನ್ರೀ?" ಹೆಂಡತಿ ಹೊದಿಕೆಯೊಳಗಿಂದಲೇ ಕೇಳಿದಳು. "ಹೋಗಿ ನೋಡಿ."

"ನೀನೂ ಬಾ."

"ನಂಗೆ ನಿದ್ದೆ."

ಸಾಹೇಬರಿಗೆ ಆ ಹೆಸರು ಕೊಟ್ಟದ್ದು ಕಟ್ಟಡದ ಜನ. ಅವರು ತಮ್ಮ ಬಾಗಿಲಿಗೆ ಮೇಲೊಂದು, ಕೆಳಗೊಂದು, ನಡುವೆ ಎರಡು ಚಿಲಕ ಹಾಕಿಸಿಕೊಂಡಿದ್ದರು. ಕೆಲಸ ವಿಮಾ ಕಂಪನಿಯಲ್ಲಿ. ಯಾವುದು ಸುಡಬಹುದು, ಯಾವುದು ಮುಳುಗಬಹುದು, ಯಾವುದು ಯಾರ ತಲೆಯ ಮೇಲೆ ಬೀಳಬಹುದು ಎಂದು ಮೊದಲೇ ಊಹಿಸಿ ಹೇಳುವುದು. ಹೀಗಾಗಿ ಕುರ್ಚಿಯೊಂದನ್ನು ಕಂಡರೆ ಕೂರಬೇಕೆಂಬುದಕ್ಕಿಂತ ಮೊದಲು ಅದರಿಂದ ಎಷ್ಟು ಬಗೆಯಲ್ಲಿ ಬೀಳಬಹುದೆಂಬುದೇ ಅವರಿಗೆ ಹೊಳೆಯುತ್ತಿತ್ತು.

ಒಂದೊಂದೇ ಚಿಲಕ ಸರಿಸಿ ಇಣುಕಿದರು. ಕಾಲೊರಸಿನ ಮೇಲೆ ಎರಡಂತಸ್ತಿನ ಬಿದಿರು ಬುಟ್ಟಿಯೊಂದು ಹಬೆಯಾಡುತ್ತ ಕುಳಿತಿತ್ತು. ಚೀಟಿಯಿಲ್ಲ, ಹೆಸರಿಲ್ಲ. ಮುಚ್ಚಳ ಎತ್ತಿದರೆ ಒಳಗೆ ನೆರಿಗೆ ಹಿಡಿದ ಪುಟ್ಟ ಪುಟ್ಟ ಮೋಮೋಗಳು, ಮದುವೆಯ ಪಂಕ್ತಿಯಲ್ಲಿ ಕುಳಿತವರಂತೆ ಒತ್ತೊತ್ತಾಗಿದ್ದವು.

ಆ ಕಟ್ಟಡದಲ್ಲಿ ಇಂಥದ್ದು ಯಾರ ಮನೆಯಿಂದಲೂ ಬಂದಿರಬಹುದಿತ್ತು. ಮೊದಲ ಮಹಡಿಯಲ್ಲಿ ನೇಪಾಳದ ದರ್ಜಿ, ಎರಡರಲ್ಲಿ ಕೊರಿಯಾದ ಪಿಯಾನೋ ಟೀಚರು, ಮೂರರಲ್ಲಿ ಸಾಹೇಬರ ಎದುರು ಮನೆಯಲ್ಲೇ ಥಾಯ್ಲೆಂಡಿನ ಹೂವಿನಂಗಡಿಯಾಕೆ, ಎಲ್ಲರ ನೆತ್ತಿಯ ಮೇಲೆ ನಿವಾಸಿಗಳ ಸಂಘದ ಅಧ್ಯಕ್ಷೆಯಾದ ಚೀನಾದ ಅಜ್ಜಿ. ಸಂಜೆ ಮೆಟ್ಟಿಲು ಹತ್ತುವವರು ಮಹಡಿಗೊಂದು ದೇಶದ ಒಗ್ಗರಣೆಯ ಘಾಟು ಕುಡಿದುಕೊಂಡೇ ಹತ್ತಬೇಕು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಹತ್ತುತ್ತಿದ್ದರು. "ಬೀದಿ ಕೊನೇಲಿ ಎಷ್ಟೊಂದು ದೇಶದ ಹೋಟೆಲುಗಳಿವೆ, ಒಂದ್ಸಲ ಹೋಗೋಣ್ರೀ" ಎಂದು ಹೆಂಡತಿ ಕೇಳಿದಾಗಲೆಲ್ಲ, "ನನ್ನ ಹೊಟ್ಟೆಗೆ ಯಾವ ಕಂಪನಿಯೂ ವಿಮೆ ಕೊಡಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಬುಟ್ಟಿಯನ್ನು ಅಡುಗೆಮನೆಗೆ ತಂದಿಟ್ಟರು. ವಾಸನೆ ಮೂಗಿನ ಕೈ ಹಿಡಿದು ಎಳೆಯಿತು. ಹೆಂಡತಿ ಕಣ್ಣುಜ್ಜುತ್ತ ಬಂದಾಗ ಸಾಹೇಬರ ಎರಡೂ ಕೆನ್ನೆ ಉಬ್ಬಿದ್ದವು.

"ಏನ್ರೀ ಮಾಡ್ತಿದೀರಿ?"

"ವಿಷ ಇದೆಯಾ ಅಂತ ಪರೀಕ್ಷೆ."

"ಇದೆಯಾ?"

"ಇನ್ನೊಂದು ತಿಂದ್ರೆ ಗೊತ್ತಾಗುತ್ತೆ."

ಪರೀಕ್ಷೆ ಮುಗಿಯುವ ಹೊತ್ತಿಗೆ ಮೇಲಿನಂತಸ್ತು ಖಾಲಿಯಾಗಿತ್ತು. ಕೆಳಗಿನದಕ್ಕೆ ಕೈ ಹಾಕುವಷ್ಟರಲ್ಲಿ ಹೆಂಡತಿ ಬುಟ್ಟಿ ಎಳೆದುಕೊಂಡಳು. "ಯಾರದ್ದೋ ಏನೋ. ನಾಳೆ ಅವರಿಗೆ ವಾಪಸ್ ಕೊಡ್ಬೇಕಲ್ಲ. ಅದಿರಲಿ, ಹೇಗಿತ್ತು?"

"ಮದುವೆಯಾದಾಗಿನಿಂದ ಇಂಥದ್ದು ನನ್ನ ಬಾಯಿಗೆ ಬಿದ್ದಿಲ್ಲ ಕಣೇ!"

"ಹೌದಾ?" ಎಂದು ಅವಳು ದೀಪ ಆರಿಸಿದಳು.

ಬೆಳಗಾದಾಗ ಸಾಹೇಬರ ಹೊಟ್ಟೆ ಗಟ್ಟಿಯಾಗಿತ್ತು, ಎದೆ ಮಾತ್ರ ಅಲ್ಲ. ಅಂದು ಭಾನುವಾರ. ಸಂಜೆ ನಿವಾಸಿಗಳ ಸಭೆ. ಅವರ ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು. ಅದು ಮುಂದುವರಿಯಬೇಕಾದರೆ ಎಲ್ಲ ಮನೆಗಳೂ ಒಪ್ಪಬೇಕು, ಒಬ್ಬರು ತಲೆಯಲ್ಲಾಡಿಸಿದರೂ ಗಂಟುಮೂಟೆ ಕಟ್ಟಬೇಕು. ಅಷ್ಟು ಗಾಳಿ ಬೆಳಕಿನ, ಆಫೀಸಿಗೆ ಅಷ್ಟು ಹತ್ತಿರದ ಮನೆ ಆ ಊರಿನಲ್ಲಿ ಇನ್ನೊಂದು ಸಿಗುವಂತಿರಲಿಲ್ಲ. ಯಾರೊಂದಿಗೂ ಬೆರೆಯದ ಮನುಷ್ಯನೆಂಬ ದೂರು ಅವರ ಮೇಲೆ ಈಗಾಗಲೇ ಇತ್ತು.

ಪೇಪರು ತರಲು ಇಳಿದಾಗ ಲಿಫ್ಟಿನವನಿಗೆ ಗುಟ್ಟಾಗಿ ವಿಷಯ ಹೇಳಿದರು. ಅವನು ಕಣ್ಣರಳಿಸಿದ. "ಅಯ್ಯೋ ಸಾರ್! ಸಂಜೆ ಸಭೇಲಿ ಯಾರಾದ್ರೂ ಎದ್ದು, ನಮ್ಮ ಬುಟ್ಟಿ ಇವರ ಮನೇಲಿದೆ ಅಂದ್ರೆ ಏನ್ ಗತಿ?"

ಸಾಹೇಬರು ಬೆವೆತರು. ಬೆರೆಯದವನೆಂಬ ಹೆಸರಿನ ಮೇಲೆ ಬುಟ್ಟಿಗಳ್ಳನೆಂಬ ಬಿರುದೂ ಸೇರಿದರೆ ಮುಗಿದೇಹೋಯಿತು.

ಮನೆಗೆ ಬಂದರೆ ಹೆಂಡತಿ ಆಗಲೇ ಉಳಿದವುಗಳನ್ನು ಹಬೆಯಲ್ಲಿಟ್ಟಿದ್ದಳು. "ಬಿಸಿಬಿಸಿ ತಗೊಂಡು ಹೋಗಿ. ತಣ್ಣಗಾದ್ರೆ ರುಚಿ ಗೊತ್ತಾಗಲ್ಲ."

"ನಾನು ರುಚಿ ತೋರಿಸೋಕೆ ಹೋಗ್ತಿಲ್ಲ. ವಾಪಸ್ ಕೊಡೋಕೆ ಹೋಗ್ತಿದೀನಿ."

"ಯಾರ ಕೈಯಡುಗೆ ಅಂತ ತಿನ್ನದೆ ಹೇಗ್ರೀ ಹೇಳ್ತಾರೆ?"

ಮಾತಿನಲ್ಲಿ ತೂಕವಿತ್ತು. ಸಾಹೇಬರು ಬುಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು, ಸಿಡಿಮದ್ದು ಹೊತ್ತವರಂತೆ ಮೊದಲ ಮಹಡಿಗೆ ಇಳಿದರು.

ದರ್ಜಿ ಹೊಲಿಗೆ ಯಂತ್ರದ ಮುಂದಿದ್ದ. ಒಂದನ್ನೆತ್ತಿ ಬೆಳಕಿಗೆ ಹಿಡಿದು, ಅಂಗಿಯ ಕಾಲರು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದ. "ನೆರಿಗೆ ನೋಡಿ ಸಾರ್. ಸುತ್ತ ಹಿಡಿದು ನೆತ್ತಿ ಮೇಲೆ ಗಂಟು. ಇದು ನಮ್ಮ ಕಡೆ ಕೈ."

"ಹಾಗಾದ್ರೆ ನಿಮ್ಮದೇ! ತಗೊಳ್ಳಿ, ನಾನು ಬರ್ತೀನಿ."

"ತಾಳಿ ಸಾರ್." ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ನೆರಿಗೆ ನಮ್ಮದು. ಹೂರಣ ನಮ್ಮದಲ್ಲ. ಹುಳಿ ಬರಿಸಿದ ಕೋಸು ಹಾಕಿದಾರೆ. ಮೇಲಿನ ಪಿಯಾನೋ ಟೀಚರನ್ನ ಕೇಳಿ." ಬೆರಳು ನೆಕ್ಕಿ ಸೇರಿಸಿದ: "ಆದ್ರೆ ಒಂದು ಮಾತು. ನಮ್ಮ ಮನೆ ಒಪ್ಪಿಗೆ ಇದೆ. ಸಂಜೆ ಕೈ ಎತ್ತೋದೇ."

ಸಾಹೇಬರು ಅಲ್ಲೇ ನಿಂತುಬಿಟ್ಟರು. ಒಪ್ಪಿಗೆ! ಇಷ್ಟು ದಿನ ಎದುರು ಸಿಕ್ಕರೆ ಗೋಡೆ ನೋಡುತ್ತಿದ್ದ ಮನುಷ್ಯ ಒಂದೇ ತುತ್ತಿಗೆ ಕರಾರಿಗೆ ಕೈ ಎತ್ತುತ್ತಾನೆಂದರೆ ಈ ಬುಟ್ಟಿ ಸಾಮಾನ್ಯದ್ದಲ್ಲ. ಹುಡುಕಬೇಕಾದ್ದು ಇದರ ವಾರಸುದಾರರನ್ನಲ್ಲ. ಇದನ್ನು ತಿನ್ನಬೇಕಾದ ಬಾಯಿಗಳನ್ನು! ಕೆಳಗಿಳಿದದ್ದು ಬುಟ್ಟಿ ಸಾಗಹಾಕಲು ಬಂದ ಪಾಪದ ಪ್ರಾಣಿ, ಮೇಲೆ ಹತ್ತಿದ್ದು ಚುನಾವಣೆಗೆ ನಿಂತ ಅಭ್ಯರ್ಥಿ.

ಪಿಯಾನೋ ಟೀಚರ ಮನೆಯಲ್ಲಿ ಶಿಷ್ಯೆಯೊಬ್ಬಳು ಮೊಳೆ ಹೊಡೆಯುವಂತೆ ಪಾಠ ಒಪ್ಪಿಸುತ್ತಿದ್ದಳು. "ಶೂ ಹೊರಗೆ ಬಿಡಿ" ಎಂದರು ಟೀಚರು. ಬಿಟ್ಟದ್ದೇ ತಡ, ಸಾಹೇಬರ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಬಂದು ಎಲ್ಲರನ್ನೂ ನೋಡಿತು. ಅದನ್ನು ಮುಚ್ಚಲು ಇನ್ನೊಂದು ಪಾದ ಅಡ್ಡವಿಟ್ಟರು; ಕನ್ನಡಿಯಂಥ ಮರದ ನೆಲ ಜಾರಿತು. ಬುಟ್ಟಿಯನ್ನು ಪ್ರಶಸ್ತಿಯಂತೆ ಮೇಲೆತ್ತಿ ಹಿಡಿದು, ಹಿಂದೆ ಹಿಂದೆ ತೂರಾಡಿ, ಪಿಯಾನೋದ ಕೀಲಿಮಣೆಯ ಮೇಲೆಯೇ ಧಡಾರನೆ ಕುಳಿತರು. ಇಡೀ ಕಟ್ಟಡ ಝೇಂಕರಿಸಿತು.

ಟೀಚರು ಶಿಷ್ಯೆಯತ್ತ ತಿರುಗಿದರು. "ಕೇಳಿದೆಯಾ? ಧೈರ್ಯವಾಗಿ ನುಡಿಸೋದು ಅಂದ್ರೆ ಹಾಗೆ."

ಒಂದು ಮೋಮೋ ತಿಂದು ತಲೆದೂಗಿದರು. "ಕೋಸು ನಾವು ಹಾಕೋ ಹದದ್ದೇ. ಆದ್ರೆ ಇದರಲ್ಲಿ ಮಜ್ಜಿಗೆ ಹುಲ್ಲಿನ ನಿಂಬೆ ಪರಿಮಳ ಇದೆ. ಅದು ನಮ್ಮದಲ್ಲ, ನಿಮ್ಮ ಎದುರು ಮನೆಯಾಕೆಯದು."

"ಯಾರದ್ದಾದ್ರೂ ಆಗಲಿ ಮೇಡಂ. ಒಪ್ಪಿಗೆನಾ?"

"ಇದಕ್ಕೆ ಒಪ್ಪದೆ ಇರೋಕಾಗುತ್ತಾ?"

ಮೂರನೆಯ ಮಹಡಿಯ ಹೊತ್ತಿಗೆ ಸಾಹೇಬರಿಗೆ ಸುಳ್ಳು ಹೇಳುವಷ್ಟು ಧೈರ್ಯ ಬಂದಿತ್ತು. "ನಿಮಗೆ ಅಂತಲೇ ವಿಶೇಷವಾಗಿ ಮಾಡಿಸಿದ್ದು" ಎಂದು ಹೂವಿನಂಗಡಿಯಾಕೆಯ ಮುಂದೆ ಬುಟ್ಟಿ ಚಾಚಿದರು.

"ಹೌದಾ? ಯಾರು ಮಾಡಿದ್ದು, ನಿಮ್ಮ ಮನೆಯವರಾ?"

"ಛೆ ಛೆ! ಅವಳಿಗೆಲ್ಲಿಂದ ಬರಬೇಕು! ನೀರು ಕಾಯಿಸಿದ್ರೂ ತಳ ಹಿಡಿಸೋಳು ಅವಳು."

ಆಕೆಗೆ ನಗು ಎಷ್ಟು ಉಕ್ಕಿತೆಂದರೆ ಕೈಯಲ್ಲಿದ್ದ ಹೂಗೊಂಚಲು ಉದುರತೊಡಗಿತು. ತನ್ನ ಮಾತು ಇಷ್ಟು ಚೆನ್ನಾಗಿರುತ್ತದೆಂದು ಸಾಹೇಬರಿಗೆ ಅದೇ ಮೊದಲ ಸಲ ತಿಳಿದದ್ದು. ಅವರೂ ಜೊತೆಗೆ ನಕ್ಕರು. ಆಕೆ ಒಂದು ತಿಂದು, ಒಳಗಿನಿಂದ ಕೆಂಪು ಚಟ್ನಿ ತಂದಳು. "ಇದರ ಜೊತೆ ನೀವೂ ಒಂದು ತಿನ್ನಿ ಅಣ್ಣ. ಒಬ್ಬಳೇ ತಿಂದ್ರೆ ಒಪ್ಪಿಗೆ ಕೊಡಲ್ಲ ನಾನು."

ತಿಂದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಕಿವಿಗಳಿಂದ ಹೊಗೆ ಹೊರಟಂತಾಯಿತು. ಸಾಹೇಬರು ಕೈಗೆ ಸಿಕ್ಕ ಗಾಜಿನ ಹೂಜಿಯನ್ನೆತ್ತಿ ಗಟಗಟ ಕುಡಿದ ಮೇಲೆಯೇ ಅದರಲ್ಲಿ ತಾವರೆ ಮೊಗ್ಗುಗಳಿದ್ದುದು ಕಂಡಿತು. ಮೂಗಿನ ತುದಿಗೆ ಎಸಳೊಂದು ಅಂಟಿತ್ತು.

"ಒಪ್ಪಿಗೆ ಅಣ್ಣ, ಒಪ್ಪಿಗೆ" ಎಂದಳು ಆಕೆ, ಹೊಟ್ಟೆ ಹಿಡಿದುಕೊಂಡು. "ಮೇಲೆ ಅಜ್ಜಿಗೂ ಕೊಡಿ."

ಪ್ರತಿ ಮನೆಯಲ್ಲೂ ಒಂದರ ಮೇಲೊಂದು ಹೋಗಿ ಬುಟ್ಟಿಯಲ್ಲಿ ಒಂದೇ ಒಂದು ಉಳಿದಿತ್ತು. ಲಿಫ್ಟಿನಲ್ಲಿ ಅದು ಸಾಹೇಬರನ್ನು ನೋಡಿತು, ಸಾಹೇಬರು ಅದನ್ನು ನೋಡಿದರು. ಉರಿಯುವ ಬಾಯಿಗೆ ಮೆತ್ತನೆಯದೇನಾದರೂ ಬೇಕೆಂಬ ನೆಪವಿತ್ತು.

"ಸಾರ್! ಅದು ಅಜ್ಜಿದು!" ಎಂದು ಲಿಫ್ಟಿನವನು ಕೂಗುವಷ್ಟರಲ್ಲಿ ಅರ್ಧ ಹೋಗಿತ್ತು.

ಅಜ್ಜಿ ಬಾಗಿಲಲ್ಲೇ ನಿಂತು ಉಳಿದರ್ಧವನ್ನು ತಿಂದರು. ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ಇನ್ನರ್ಧ ಎಲ್ಲಪ್ಪಾ?"

"ವಿಷ ಇದೆಯಾ ಅಂತ..."

"ಇಂಥದ್ದನ್ನ ಅರ್ಧ ಉಳಿಸಿ ತಂದೆಯಲ್ಲ, ನೀನು ಋಷಿ. ಹಿಟ್ಟು ನಾದಿರೋ ರೀತಿ ನಮ್ಮ ಮನೆಯದೇ. ಹೋಗು, ಸಂಜೆ ಬಾ."

ಸಾಹೇಬರು ಶಿಳ್ಳೆ ಹಾಕುತ್ತ ಮನೆಗೆ ಬಂದರು. "ಕರಾರು ಗೆದ್ದೆ ಕಣೇ! ಒಂದು ಬುಟ್ಟೀಲಿ ಇಡೀ ಕಟ್ಟಡನೇ ಬುಟ್ಟಿಗೆ ಹಾಕ್ಕೊಂಡೆ!"

"ಎಲ್ಲರೂ ಒಪ್ಪಿದ್ರಾ? ಎಲ್ಲರೂ?" ಅವಳು ಎರಡೆರಡು ಸಲ ಕೇಳಿ, ಸಭೆಗೆ ಒಳ್ಳೆಯ ಸೀರೆ ಉಟ್ಟಳು.

ಸಭೆ ಸೇರಿದ್ದು ಕಟ್ಟಡದ ಕೆಳಗಿನ ಖಾಲಿ ಮಳಿಗೆಯಲ್ಲಿ. ಅಜ್ಜಿ ಮೇಜು ಕುಟ್ಟಿದರು. "ಮೊದಲು ಈ ಮಳಿಗೆ ವಿಷಯ. ಇಲ್ಲಿ ತಿಂಡಿ ಅಂಗಡಿ ಇಡ್ತೀನಿ ಅಂತ ಒಬ್ಬರು ಕೇಳಿದ್ರು. ಎಲ್ಲಾ ಮನೆಯವರೂ ರುಚಿ ನೋಡಿ ಒಪ್ಪಿದ್ರೆ ಮಾತ್ರ ಅಂದಿದ್ವಿ. ಇವತ್ತು ಎಲ್ಲರೂ ನೋಡಿದ್ದಾಯ್ತು. ಒಪ್ಪೋರು ಕೈ ಎತ್ತಿ."

ಕೈಗಳೆಲ್ಲ ಮೇಲೆದ್ದವು. ಸಾಹೇಬರ ಮುಖ ಗಾಳಿ ಬಿಟ್ಟ ಬಲೂನಿನಂತಾಯಿತು. "ಅಂದ್ರೆ... ನೀವು ಒಪ್ಪಿದ್ದು ಅದಕ್ಕಾ? ನನ್ನ ಕರಾರಿಗೆ?"

ಕೈಗಳೆಲ್ಲ ಕೆಳಗಿಳಿದವು. ದರ್ಜಿ ಗೋಡೆ ನೋಡಿದ.

"ನೀನು ಜನರ ಜೊತೆ ಬೆರೆಯಲ್ಲ ಅನ್ನೋದೇ ಇವರ ದೂರು" ಎಂದರು ಅಜ್ಜಿ. "ಒಂದು ದಾರಿ ಇದೆ. ದಿನಾ ಸಂಜೆ ಈ ಅಂಗಡೀಲಿ ಬಡಿಸಬೇಕು, ಪಾತ್ರೆ ತೊಳೀಬೇಕು, ಬಂದವರನ್ನ ನಗ್ತಾ ಮಾತಾಡಿಸ್ಬೇಕು. ಅಂಗಡಿಯವರು ಹೇಳಿದ್ದಕ್ಕೆ ಎದುರು ಮಾತಾಡೋ ಹಾಗಿಲ್ಲ. ಆಗುತ್ತಾ?"

ಸಾಹೇಬರು ಅಪಾಯದ ಅಂದಾಜು ಹಾಕಿದರು. ಮನೆ ಉಳಿಯುತ್ತದೆ. ದಿನವೂ ಆ ಮೋಮೋಗಳ ಪಕ್ಕದಲ್ಲೇ ನಿಲ್ಲಬಹುದು. ಎಲ್ಲಿಯೂ ನಷ್ಟ ಕಾಣಲಿಲ್ಲ. "ಆಗುತ್ತೆ! ಅವರು ಹಾಕಿದ ಗೆರೆ ದಾಟಲ್ಲ! ಎಲ್ಲರ ಮುಂದೆ ಮಾತು ಕೊಡ್ತೀನಿ!"

ಕೈಗಳೆಲ್ಲ ಮತ್ತೆ ಮೇಲೆದ್ದವು. ಈ ಸಲ ಚಪ್ಪಾಳೆಯ ಸಮೇತ. ಅಜ್ಜಿ ಕರಾರಿಗೆ ಮುದ್ರೆ ಒತ್ತಿದರು. ಉಸಿರು ಬಿಟ್ಟು, ಬೆವರೊರೆಸಿಕೊಂಡ ಮೇಲೆಯೇ ಸಾಹೇಬರಿಗೆ ಕೇಳಬೇಕಾದ್ದು ನೆನಪಾಯಿತು.

"ಅಂದಹಾಗೆ, ನಿನ್ನೆ ರಾತ್ರಿ ನನ್ನ ಬಾಗಿಲು ತಟ್ಟಿದ್ದು ಯಾರು?"

"ತಟ್ಟಿದ್ದು ನಾನೇ ಸಾರ್" ಎಂದ ಲಿಫ್ಟಿನವನು. "ಮಾಡಿದ್ದು ನಾನಲ್ಲ."

"ನೆರಿಗೆ ಹಿಡಿಯೋದು ನಾನು ಹೇಳಿಕೊಟ್ಟಿದ್ದು" ಎಂದ ದರ್ಜಿ.

"ಕೋಸು ಹುಳಿ ಬರಿಸೋದು ನಾನು" ಎಂದರು ಪಿಯಾನೋ ಟೀಚರು.

"ಮಜ್ಜಿಗೆ ಹುಲ್ಲು ನನ್ನ ಪಾಠ" ಎಂದಳು ಹೂವಿನಂಗಡಿಯಾಕೆ.

"ಹಿಟ್ಟು ನಾದೋಕೆ ನಾನೇ ಕೂರಿಸಿದ್ದು" ಎಂದರು ಅಜ್ಜಿ. "ದಿನಾ, ನೀನು ಆಫೀಸಿಗೆ ಹೋದ ಮೇಲೆ."

"ಯಾರಿಗೆ?" ಸಾಹೇಬರ ಸ್ವರ ಕೀರಲಾಯಿತು.

"ನಿನ್ನ ಹೆಂಡತಿಗೆ."